ಹಿಂದಿನ ಹೆರಿಗೆಯ ಸಾಕ್ಷ್ಯ: ಬ್ರಿಟನ್ನಿನ ಮನೆಹೆರಿಗೆಯ ನೂರು ವರ್ಷ

ಒಂದು ಹೆರಿಗೆಯಲ್ಲಿ ಸಾವಿನ ಅಂಚಿಗೆ ಹೋಗಿ ಬಂದ ಹೆಂಗಸು ಮುಂದಿನ ಹೆರಿಗೆಯನ್ನು ಮನೆಯಲ್ಲಿ ಮಾಡಿಕೊಳ್ಳಬಹುದೇ ಎಂಬ ಪ್ರಶ್ನೆ ಇಂದು ವೈದ್ಯರ ಮುಂದೆಯೂ ನ್ಯಾಯಾಲಯಗಳ ಮುಂದೆಯೂ ಇದೆ. ಆದರೆ ಇಪ್ಪತ್ತನೆಯ ಶತಮಾನದ ಆರಂಭದವರೆಗೆ ಬ್ರಿಟನ್ನಿನಲ್ಲಿ ಈ ಪ್ರಶ್ನೆ ಏಳುವಂತೆಯೇ ಇರಲಿಲ್ಲ. ವಿಪರೀತ ರಕ್ತ ಹರಿದು ಬದುಕಿ ಉಳಿದವಳೂ, ಫಿಟ್ಸ್ ಬಂದು ಎಚ್ಚರ ತಪ್ಪಿದವಳೂ, ಸತ್ತ ಮಗುವನ್ನು ಹೆತ್ತವಳೂ ಮುಂದಿನ ಸಲವೂ ಮನೆಯಲ್ಲಿಯೇ, ಬಹುಮಟ್ಟಿಗೆ ಅನುಭವವನ್ನೇ ಓದನ್ನಾಗಿ ಪಡೆದಿದ್ದ ನೆರೆಹೊರೆಯ ಸೂಲಗಿತ್ತಿಯ ಕೈಯಲ್ಲಿ ಹೆರುತ್ತಿದ್ದರು, ಏಕೆಂದರೆ ಅವರಿಗೆ ಹೋಗಲು ಬೇರೆ ಜಾಗವಿರಲಿಲ್ಲ. ಹೆರಿಗೆ ಆಸ್ಪತ್ರೆಗಳು ದೊಡ್ಡ ಪಟ್ಟಣಗಳ ಬಡವರಿಗೆಂದು ಇದ್ದವಾದರೂ, ಹೆತ್ತ ಕೆಲವೇ ದಿನಗಳಲ್ಲಿ ಏರುವ ಸೋಂಕಿನ ಜ್ವರ, ಅಂದರೆ ಬಾಣಂತಿ ಜ್ವರ, ಹತ್ತೊಂಬತ್ತನೆಯ ಶತಮಾನದಲ್ಲಿ ಅವುಗಳೊಳಗೆ ಮತ್ತೆ ಮತ್ತೆ ಹಬ್ಬುತ್ತಿದ್ದುದರಿಂದ ಅಲ್ಲಿಗಿಂತ ಮನೆಯೇ ಲೇಸೆಂಬ ನಂಬಿಕೆಗೆ ಆಧಾರವಿತ್ತು. ಮನೆಯೋ ಆಸ್ಪತ್ರೆಯೋ ಎಂದು ಆಯ್ದುಕೊಳ್ಳುವ ಮಾತು ಬರಬೇಕಾದರೆ ಹಿಂದಿನ ಹೆರಿಗೆಯನ್ನು ಬರೆದಿಡುವವರು, ಮುಂದಿನ ಬಸಿರನ್ನು ಮೊದಲೇ ಪರೀಕ್ಷಿಸುವವರು ಮತ್ತು ಕಷ್ಟ ಬಂದಾಗ ನೆಚ್ಚಬಹುದಾದ ಇನ್ನೊಂದು ತಾಣ, ಈ ಮೂರೂ ಕೂಡಿಬರಬೇಕಿತ್ತು.

ಇವುಗಳಲ್ಲಿ ಮೊದಲನೆಯದು ಕಾನೂನಿನ ಮೂಲಕ ಬಂತು. 1902ರ ಸೂಲಗಿತ್ತಿಯರ ಕಾಯ್ದೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸೂಲಗಿತ್ತಿಯರ ತರಬೇತಿ, ನೋಂದಣಿ ಮತ್ತು ಶಿಸ್ತನ್ನು ಕೇಂದ್ರ ಮಂಡಳಿಯೊಂದರ ಕೈಗೆ ಒಪ್ಪಿಸಿತು, ಮತ್ತು 1910ರಿಂದ ನೋಂದಣಿಯಿಲ್ಲದ ಹೆಂಗಸು ಹಣಕ್ಕಾಗಿ ಹೆರಿಗೆ ಮಾಡಿಸುವುದನ್ನು ಕಸುಬಾಗಿ ನಡೆಸುವಂತಿರಲಿಲ್ಲ. ಸ್ಕಾಟ್ಲೆಂಡಿಗೆ ಇಂಥದೇ ಕಾಯ್ದೆ 1915ರಲ್ಲಿ ಬಂತು. ಮಂಡಳಿಯ ನಿಯಮಗಳ ಪ್ರಕಾರ ಸೂಲಗಿತ್ತಿ ತಾನು ಮಾಡಿಸಿದ ಹೆರಿಗೆಗಳನ್ನು ದಾಖಲೆ ಪುಸ್ತಕದಲ್ಲಿ ಬರೆಯಬೇಕಿತ್ತು, ಮತ್ತು ಸಹಜ ಗತಿ ತಪ್ಪಿದ ಲಕ್ಷಣ ಕಂಡೊಡನೆ ವೈದ್ಯನನ್ನು ಕರೆಸಬೇಕಿತ್ತು. ಆದರೆ ವೈದ್ಯನ ಶುಲ್ಕವನ್ನು ಯಾರು ಕೊಡಬೇಕೆಂಬುದು ಇತ್ಯರ್ಥವಾಗದೆ ಇದ್ದುದರಿಂದ ಬಡವರ ಮನೆಗಳಲ್ಲಿ ಆ ಕರೆ ತಡವಾಗುತ್ತಿತ್ತು; 1918ರ ತಿದ್ದುಪಡಿಯು ಶುಲ್ಕವನ್ನು ಸ್ಥಳೀಯ ಆಡಳಿತವೇ ಮೊದಲು ತೆರಬೇಕೆಂದು ವಿಧಿಸಿದ ಮೇಲೆಯೇ ನಿಯಮಕ್ಕೆ ಜೀವ ಬಂತು.

ಎರಡನೆಯದು, ಎಂದರೆ ಬಸಿರಿನ ಅವಧಿಯಲ್ಲಿಯೇ ತಾಯಿಯನ್ನು ಮತ್ತೆ ಮತ್ತೆ ಪರೀಕ್ಷಿಸುವ ಕ್ರಮ, ಎಡಿನ್‌ಬರೋದ ವೈದ್ಯ ಜಾನ್ ಬ್ಯಾಲಂಟೈನ್ ಅವರಂಥವರ ಒತ್ತಾಯದಿಂದ ಶತಮಾನದ ಮೊದಲ ದಶಕಗಳಲ್ಲಿ ಬೇರೂರಿತು. ಆರೋಗ್ಯ ಸಚಿವಾಲಯದ ಹಿರಿಯ ವೈದ್ಯೆ ಜಾನೆಟ್ ಕ್ಯಾಂಪ್‌ಬೆಲ್ 1924ರಲ್ಲಿ ಬಾಣಂತಿಯರ ಮರಣದ ಕುರಿತು ವರದಿ ಬರೆದರು. 1929ರಲ್ಲಿ ಸಚಿವಾಲಯವು ಯಾವ ಯಾವ ವಾರದಲ್ಲಿ ತಪಾಸಣೆ ನಡೆಯಬೇಕೆಂಬ ವೇಳಾಪಟ್ಟಿಯನ್ನು ಚಿಕಿತ್ಸಾಲಯಗಳಿಗೆ ಕಳುಹಿಸಿತು. ಇಷ್ಟಾದರೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 1930ರ ದಶಕದ ನಡುವಿನವರೆಗೂ ಸಾವಿರ ಹೆರಿಗೆಗೆ ನಾಲ್ಕಕ್ಕೂ ಹೆಚ್ಚು ತಾಯಂದಿರು ಸಾಯುತ್ತಲೇ ಇದ್ದರು. ಸೋಂಕಿನ ಸಾವನ್ನು ತಡೆದದ್ದು ಬಹುಮಟ್ಟಿಗೆ ಸಲ್ಫೊನಮೈಡ್ ಔಷಧ. ಲಂಡನ್ನಿನ ಕ್ವೀನ್ ಷಾರ್ಲಟ್ ಆಸ್ಪತ್ರೆಯಲ್ಲಿ ಲಿಯೊನಾರ್ಡ್ ಕೋಲ್‌ಬ್ರುಕ್ 1936ರಲ್ಲಿ ಅದರ ಗುಣವನ್ನು ತೋರಿಸಿಕೊಟ್ಟ ಮೇಲೆ ಮರಣದ ಪ್ರಮಾಣ ವೇಗವಾಗಿ ಇಳಿಯಿತು.

ಸೋಂಕು ಹಿಂದೆ ಸರಿದು ಮೂರನೆಯದು, ಎಂದರೆ ನೆಚ್ಚಬಹುದಾದ ಇನ್ನೊಂದು ತಾಣ, ಆಸ್ಪತ್ರೆಯ ರೂಪದಲ್ಲಿ ಒದಗತೊಡಗಿದಂತೆ ಉಳಿದ ಅಪಾಯಗಳ ಸ್ವರೂಪ ನಿಚ್ಚಳವಾಯಿತು, ಮತ್ತು ಅವುಗಳಲ್ಲಿ ಹಲವು ಹಿಂದಿನ ಹೆರಿಗೆಯಲ್ಲಿಯೇ ಸುಳಿವು ಕೊಟ್ಟಿರುತ್ತವೆ ಎಂಬುದು ವೈದ್ಯರ ಗಮನಕ್ಕೆ ಬಂತು. ಹಲವು ಮಕ್ಕಳನ್ನು ಹೆತ್ತವಳಿಗೆ ಹೆರಿಗೆ ಸಲೀಸು ಎಂಬುದು ಜನರಲ್ಲಿಯೂ ವೈದ್ಯರಲ್ಲಿಯೂ ಬಲವಾಗಿದ್ದ ಎಣಿಕೆ. ಡಬ್ಲಿನ್ನಿನ ಪ್ರಸೂತಿತಜ್ಞ ಬೆಥೆಲ್ ಸಾಲೊಮನ್ಸ್ 1934ರಲ್ಲಿ ಪ್ರಕಟಿಸಿದ ಲೇಖನವು ಅದನ್ನು ಅಲ್ಲಗಳೆದು, ಮತ್ತೆ ಮತ್ತೆ ಹೆತ್ತು ಸಡಿಲಗೊಂಡ ಗರ್ಭಕೋಶವು ಮಗು ಹುಟ್ಟಿದ ಮೇಲೆ ಬಿಗಿಯಾಗಿ ಕುಗ್ಗದೆ ರಕ್ತ ಸುರಿಸಬಹುದೆಂದೂ ಇಂಥವಳನ್ನೇ ಹೆಚ್ಚು ಎಚ್ಚರದಿಂದ ನೋಡಿಕೊಳ್ಳಬೇಕೆಂದೂ ಸಾರಿತು. ಮಗುವಿನ ಹಿಂದೆ ಹೊರಬರಬೇಕಾದ ಮಾಸು ಒಮ್ಮೆ ಒಳಗೇ ಕಚ್ಚಿಕೊಂಡಿದ್ದರೆ ಇನ್ನೊಮ್ಮೆಯೂ ಹಾಗಾಗುವ ಸಂಭವ ಹೆಚ್ಚು. ಸಿಜೇರಿಯನ್ ಕುರಿತು ನ್ಯೂಯಾರ್ಕಿನ ಎಡ್ವಿನ್ ಕ್ರೇಗಿನ್ 1916ರಲ್ಲಿ ಹೇಳಿದ, ಒಮ್ಮೆ ಆ ಶಸ್ತ್ರಕ್ರಿಯೆಯಾದವಳಿಗೆ ಮುಂದೆಯೂ ಅದೇ ಗತಿ ಎಂಬ ಅರ್ಥದ ಮಾತು ದಶಕಗಳ ಕಾಲ ಸೂತ್ರದಂತೆ ಉಳಿಯಿತು. ಅದು ಗರ್ಭಕೋಶದ ಮೇಲ್ಭಾಗವನ್ನು ಉದ್ದಕ್ಕೆ ಸೀಳುತ್ತಿದ್ದ ಕಾಲದ ಮಾತು. ಗ್ಲಾಸ್ಗೋದ ಮನ್ರೋ ಕೆರ್ 1920ರ ದಶಕದಲ್ಲಿ ಪ್ರಚಾರಕ್ಕೆ ತಂದ, ಕೆಳಭಾಗವನ್ನು ಅಡ್ಡಕ್ಕೆ ಸೀಳುವ ವಿಧಾನದ ಗಾಯದ ಗುರುತು ಹೆಚ್ಚು ಗಟ್ಟಿಯಾಗಿದ್ದುದರಿಂದ ಮುಂದೆ ಸಹಜ ಹೆರಿಗೆಯ ಯತ್ನಕ್ಕೆ ದಾರಿಯಾಯಿತಾದರೂ, ಅಂಥ ಯತ್ನದಲ್ಲಿ ಸುಮಾರು 200ಕ್ಕೆ ಒಬ್ಬಳಲ್ಲಿ ಗಾಯದ ಜಾಗ ಬಿರಿಯುವ ಅಪಾಯ ಇಂದಿಗೂ ಇದೆ. ರಕ್ತದ ರೀಸಸ್ ಗುಂಪು 1940ರ ಸುಮಾರಿಗೆ ಪತ್ತೆಯಾದಾಗ, ಮೊದಲ ಮಗು ನೆಟ್ಟಗೆ ಹುಟ್ಟಿ ನಂತರದ ಮಕ್ಕಳು ಒಂದರ ಹಿಂದೊಂದು ಕಾಮಾಲೆಯಿಂದಲೋ ಗರ್ಭದಲ್ಲಿಯೋ ಸಾಯುತ್ತಿದ್ದುದರ ಕಾರಣವೂ ತಿಳಿಯಿತು: ರೀಸಸ್ ನೆಗೆಟಿವ್ ತಾಯಿಯ ದೇಹವು ಮೊದಲ ಹೆರಿಗೆಯಲ್ಲಿ ಬೆರೆತ ಮಗುವಿನ ರಕ್ತಕ್ಕೆ ಪ್ರತಿಕಾಯಗಳನ್ನು ಬೆಳೆಸಿಕೊಂಡು, ಮುಂದಿನ ಮಕ್ಕಳ ರಕ್ತಕಣಗಳನ್ನು ಒಡೆಯುತ್ತಿತ್ತು.

ಇಷ್ಟು ತಿಳಿದ ಮೇಲೆಯೂ ಬ್ರಿಟನ್ನಿನಲ್ಲಿ ಮನೆಹೆರಿಗೆ ನಿಲ್ಲದೆ, ಸುತ್ತಲಿನ ಏರ್ಪಾಟನ್ನು ಬಲಪಡಿಸಿಕೊಂಡು ಮುಂದುವರಿದದ್ದು ಈ ಇತಿಹಾಸದ ಅತ್ಯಂತ ಬೆಲೆಯುಳ್ಳ ಅಧ್ಯಾಯ. 1935ರಲ್ಲಿ ಚಾಸರ್ ಮೊಯರ್ ಮತ್ತು ಹೆರಾಲ್ಡ್ ಡಡ್ಲಿ ಎರ್ಗಟ್ ಎಂಬ ಶಿಲೀಂಧ್ರದಿಂದ ಬೇರ್ಪಡಿಸಿದ ಎರ್ಗೊಮೆಟ್ರಿನ್, ಗರ್ಭಕೋಶವನ್ನು ಬೇಗ ಬಿಗಿಗೊಳಿಸಿ ರಕ್ತಸ್ರಾವ ತಡೆಯುವ ಔಷಧವಾಗಿ ಸೂಲಗಿತ್ತಿಯ ಚೀಲವನ್ನು ಸೇರಿತು. 1936ರ ಕಾಯ್ದೆಯು ಸ್ಥಳೀಯ ಆಡಳಿತಗಳು ಸಂಬಳದ ಸೂಲಗಿತ್ತಿಯರನ್ನು ಒದಗಿಸಬೇಕೆಂದು ವಿಧಿಸಿತು. ಎಲ್ಲಕ್ಕಿಂತ ಮಿಗಿಲಾಗಿ, ಫ್ಲೈಯಿಂಗ್ ಸ್ಕ್ವಾಡ್ ಎಂದು ಹೆಸರಾದ ಸಂಚಾರಿ ಪ್ರಸೂತಿ ತಂಡ 1933ರಲ್ಲಿ ಸ್ಕಾಟ್ಲೆಂಡಿನ ಲ್ಯಾನಾರ್ಕ್‌ಷೈರಿನ ಬೆಲ್ಸ್‌ಹಿಲ್‌ನಲ್ಲಿ ಆರಂಭವಾಗಿ, 1935ರಲ್ಲಿ ನ್ಯೂಕಾಸಲ್‌ನಲ್ಲಿ ಫಾರ್ಕರ್ ಮರ್ರೇ ಅವರ ಮುಂದಾಳತ್ವದಲ್ಲಿ ನೆಲೆಗೊಂಡು, ಮುಂದೆ ದೇಶದ ಉದ್ದಗಲಕ್ಕೆ ಹಬ್ಬಿತು. ರಕ್ತ ಹರಿದು ನಾಡಿ ಕುಸಿದ ಬಾಣಂತಿಯನ್ನು ಗಾಡಿಯಲ್ಲಿ ಕುಲುಕಿಸಿಕೊಂಡು ಆಸ್ಪತ್ರೆಗೆ ಒಯ್ದರೆ ದಾರಿಯಲ್ಲಿಯೇ ಪ್ರಾಣ ಹೋಗುತ್ತಿತ್ತು. ಆದ್ದರಿಂದ ಆಸ್ಪತ್ರೆಯೇ ಅವಳ ಬಳಿಗೆ ಹೋಗಬೇಕು, ಚೇತರಿಕೆ ಕಂಡ ಮೇಲೆಯೇ ಅವಳನ್ನು ಸಾಗಿಸಬೇಕು ಎಂಬುದು ಈ ತಂಡದ ಹಿಂದಿದ್ದ ತರ್ಕ. ಸೂಲಗಿತ್ತಿಯ ಅಥವಾ ಕುಟುಂಬ ವೈದ್ಯನ ಫೋನ್ ಕರೆ ಬಂದೊಡನೆ ಪ್ರಸೂತಿತಜ್ಞ, ಅರಿವಳಿಕೆ ತಜ್ಞ ಮತ್ತು ನರ್ಸ್ ಯಾರಿಗಾದರೂ ಕೊಡಬಹುದಾದ ಗುಂಪಿನ ರಕ್ತದ ಬಾಟಲಿಗಳೊಂದಿಗೆ ಹೊರಟು, ಮನೆಯ ಮಂಚದ ಮೇಲೆಯೇ ರಕ್ತ ಏರಿಸಿ, ಒಳಗೆ ಉಳಿದ ಮಾಸನ್ನು ಕೈಯಿಂದ ತೆಗೆಯುತ್ತಿದ್ದರು.

1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಆರಂಭವಾದ ಮೇಲೆ ಶುಲ್ಕದ ಚಿಂತೆ ಅಳಿದು ಹಾಸಿಗೆಗಳ ಕೊರತೆ ಮುಂದೆ ಬಂತು. ಇರುವ ಹಾಸಿಗೆಗಳನ್ನು ಯಾರಿಗೆ ಕೊಡಬೇಕೆಂಬ ವಿಚಾರದಲ್ಲಿ ಹಿಂದಿನ ಹೆರಿಗೆಯ ಚರಿತ್ರೆ ಮೊದಲ ಸಲ ದೇಶವ್ಯಾಪಿ ಅಳತೆಗೋಲಾಯಿತು. 1958ರ ಮಾರ್ಚ್ ತಿಂಗಳ ಒಂದು ವಾರದಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸುಮಾರು 17,000 ಮಕ್ಕಳನ್ನು ಕುರಿತ ಸಮೀಕ್ಷೆಯು ಹೆಚ್ಚು ಸಲ ಹೆತ್ತ ತಾಯಂದಿರ ಮತ್ತು ಗರ್ಭನಂಜು, ಅಂದರೆ ಬಸಿರಿನಲ್ಲಿ ರಕ್ತದೊತ್ತಡ ಏರಿ ಅಂಗಾಂಗಗಳನ್ನು ಕೆಡಿಸುವ ರೋಗ, ತಗುಲಿದ ತಾಯಂದಿರ ಮಕ್ಕಳಿಗೆ ಅಪಾಯ ಹೆಚ್ಚೆಂದು ಅಂಕಿಗಳಲ್ಲಿ ತೋರಿಸಿತು. 1959ರಲ್ಲಿ ಕ್ರ್ಯಾನ್‌ಬ್ರುಕ್ ಸಮಿತಿಯು ನೂರಕ್ಕೆ 70 ಹೆರಿಗೆಗಳಿಗೆ ಸಾಲುವಷ್ಟು ಆಸ್ಪತ್ರೆ ಸೌಕರ್ಯವಿರಲಿ, ತೊಡಕಿನ ಸೂಚನೆಯುಳ್ಳವರು ಅಲ್ಲಿಗೆ ಬರಲಿ ಎಂದು ಸಲಹೆ ಮಾಡಿತು. ಆಗ ಮೂರನೇ ಒಂದು ಭಾಗದಷ್ಟು ಹೆರಿಗೆಗಳು ಮನೆಯಲ್ಲಿಯೇ ಆಗುತ್ತಿದ್ದವು.

ಹನ್ನೊಂದು ವರ್ಷಗಳ ಬಳಿಕ ಈ ಆಯ್ಕೆಯ ನೀತಿಯನ್ನೇ ಕೈಬಿಡಲಾಯಿತು. ಜಾನ್ ಪೀಲ್ ಅಧ್ಯಕ್ಷತೆಯ ಸಮಿತಿ 1970ರಲ್ಲಿ ಎಲ್ಲ ಹೆರಿಗೆಗಳಿಗೂ ಆಸ್ಪತ್ರೆಯಲ್ಲಿ ಅವಕಾಶವಿರಬೇಕೆಂದು ಹೇಳಿತು, ಮತ್ತು 1980ರ ದಶಕದಲ್ಲಿ ಮನೆಹೆರಿಗೆ ನೂರಕ್ಕೆ ಒಂದರಷ್ಟಾಯಿತು. ಮನೆಯಲ್ಲಿ ಹೆರಿಗೆ ಮಾಡಿಸಿ ಪಳಗಿದ ಸೂಲಗಿತ್ತಿಯರು ನಿವೃತ್ತರಾದರು, ಸಂಚಾರಿ ತಂಡಗಳು ಒಂದೊಂದಾಗಿ ಮುಚ್ಚಿದವು. ಸಂಖ್ಯಾಶಾಸ್ತ್ರಜ್ಞೆ ಮಾರ್ಜರಿ ಟ್ಯೂ 1970ರ ದಶಕದಿಂದಲೇ, ಶಿಶುಮರಣ ಇಳಿದದ್ದಕ್ಕೆ ಆಸ್ಪತ್ರೆಯೇ ಕಾರಣವೆಂದು ಅಂಕಿಗಳು ಹೇಳುವುದಿಲ್ಲವೆಂದು ವಾದಿಸಿದರು. ಮನೆಯಲ್ಲಿ ಹೆತ್ತವರು ಮೊದಲೇ ಆರಿಸಿದ ಆರೋಗ್ಯವಂತರು ಎಂಬುದು ಅವರಿಗೆ ಎದುರಾದ ಆಕ್ಷೇಪ, ಮತ್ತು ಆ ಆಕ್ಷೇಪದಲ್ಲಿ ಹುರುಳಿತ್ತು. ಆದರೂ 1992ರಲ್ಲಿ ಸಂಸತ್ತಿನ ಆರೋಗ್ಯ ಸಮಿತಿಯು ಎಲ್ಲರೂ ಆಸ್ಪತ್ರೆಯಲ್ಲಿಯೇ ಹೆರಬೇಕೆಂಬ ನೀತಿಯನ್ನು ಸುರಕ್ಷತೆಯ ಆಧಾರದಿಂದ ಸಮರ್ಥಿಸಲಾಗದೆಂದು ಒಪ್ಪಿತು, 1993ರ ಸರ್ಕಾರಿ ವರದಿಯು ತಾಯಿಯ ಆಯ್ಕೆಯನ್ನು ಸೇವೆಯ ನಡುವೆ ತಂದಿರಿಸಿತು.

ಕಾನೂನೂ ಇದೇ ದಿಕ್ಕಿಗೆ ಸಾಗಿತು. ತೀವ್ರ ಗರ್ಭನಂಜು ಇದ್ದರೂ ಆಸ್ಪತ್ರೆಗೆ ಬರಲು ಒಪ್ಪದ ಗರ್ಭಿಣಿಯನ್ನು ಮಾನಸಿಕ ಆರೋಗ್ಯ ಕಾಯ್ದೆಯ ಬಲದಿಂದ ಹಿಡಿದಿಟ್ಟು ಸಿಜೇರಿಯನ್ ಮಾಡಿದ್ದು ಅಕ್ರಮವೆಂದು ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ತೀರ್ಪಿತ್ತಿತು. ಹೆರಿಗೆಯ ವಿಧಾನವನ್ನು ನಿರ್ಧರಿಸುವ ಮುನ್ನ ತಾಯಿಗೆ ಮುಖ್ಯವೆನಿಸಬಹುದಾದ ಪ್ರತಿಯೊಂದು ಅಪಾಯವನ್ನೂ ವೈದ್ಯರು ತಿಳಿಸಲೇಬೇಕೆಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2015ರಲ್ಲಿ ವಿಧಿಸಿತು. ಎರಡೂ ತೀರ್ಪುಗಳನ್ನು ಒಟ್ಟಿಗೆ ಓದಬೇಕು: ಮೊದಲನೆಯದು ತಾಯಿಗೆ ನಿರಾಕರಿಸುವ ಹಕ್ಕನ್ನು ಎತ್ತಿಹಿಡಿದರೆ, ಎರಡನೆಯದು ಸತ್ಯವನ್ನು ಪೂರ್ತಿ ತಿಳಿಯುವ ಹಕ್ಕನ್ನು ಕೊಟ್ಟಿತು.

ಆ ಸತ್ಯಕ್ಕೆ ಬೇಕಾದ ಅಂಕಿಗಳಲ್ಲಿ ಮುಖ್ಯವಾದವು 2011ರಲ್ಲಿ ದೊರೆತವು. ಇಂಗ್ಲೆಂಡಿನಲ್ಲಿ ತೊಡಕಿನ ಸೂಚನೆಯಿಲ್ಲದ 64,538 ಹೆರಿಗೆಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ, ಮುಂಚೆ ಹೆತ್ತವರ ಮಕ್ಕಳಿಗೆ ಮನೆಯಲ್ಲಿ ಅಪಾಯ ಹೆಚ್ಚೆಂದು ಕಾಣಲಿಲ್ಲ. ಚೊಚ್ಚಲಿನವರಲ್ಲಿ ಮಾತ್ರ ಮಗುವಿಗೆ ಸಾವು ಅಥವಾ ಗಂಭೀರ ಹಾನಿ ಆಸ್ಪತ್ರೆಯಲ್ಲಿ ಸಾವಿರಕ್ಕೆ 5.3 ಇದ್ದದ್ದು ಮನೆಯಲ್ಲಿ 9.3 ಇತ್ತು, ಮತ್ತು ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಆದರೆ ಈ ನೆಮ್ಮದಿಯ ಫಲಿತಾಂಶವು ಹಿಂದೆ ತೊಡಕು ಕಂಡವರಿಗೆ ಅನ್ವಯಿಸುವುದಿಲ್ಲ, ಏಕೆಂದರೆ ಅವರು ಆ ಎಣಿಕೆಯಲ್ಲಿಯೇ ಇರಲಿಲ್ಲ. 2014ರ ರಾಷ್ಟ್ರೀಯ ಮಾರ್ಗಸೂಚಿಯು ಹಿಂದಿನ ಸಿಜೇರಿಯನ್, ಚಿಕಿತ್ಸೆ ಬೇಡಿದ ರಕ್ತಸ್ರಾವ, ಕೈಯಿಂದ ತೆಗೆಯಬೇಕಾಗಿ ಬಂದ ಮಾಸು, ಮಗುವಿನ ಭುಜ ಸಿಕ್ಕಿಕೊಂಡದ್ದು, ಕಾರಣ ತಿಳಿಯದ ಮೃತಜನನ ಮುಂತಾದವನ್ನು ಪಟ್ಟಿಮಾಡಿ, ಇಂಥವರಿಗೆ ಆಸ್ಪತ್ರೆಯನ್ನು ಸೂಚಿಸಬೇಕೆಂದಿತು. ಹಿಂದಿನ ಮಗು 4.5 ಕೆ.ಜಿ.ಗೂ ಹೆಚ್ಚು ತೂಗಿದ್ದರೆ ಒಬ್ಬೊಬ್ಬರನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕೆಂದಿತು. ಆದರೆ ಆ ಪಟ್ಟಿ ಸಲಹೆಗಾಗಿ ಇದೆಯೇ ಹೊರತು ನಿಷೇಧವಲ್ಲ: ಎಲ್ಲವನ್ನೂ ಅರಿತು ಮನೆಯನ್ನೇ ಆರಿಸಿದವಳ ಕೈಬಿಡದೆ, ಹೆರಿಗೆಗೆ ಮೊದಲೇ ಯಾವ ಲಕ್ಷಣ ಕಂಡರೆ ಯಾವ ಆಸ್ಪತ್ರೆಗೆ ಎಷ್ಟು ಬೇಗ ಹೊರಡಬೇಕೆಂದು ಅವಳೊಂದಿಗೆ ಕುಳಿತು ಬರೆದಿಡುವುದು ಅಲ್ಲಿನ ಸೂಲಗಿತ್ತಿಯ ಕರ್ತವ್ಯವಾಗಿದೆ.

ಈ ಇತಿಹಾಸದ ಒಂದು ಎಳೆ ಕನ್ನಡನಾಡಿಗೂ ತಾಗಿದೆ. ಬ್ರಿಟಿಷ್ ಮಾದರಿಯ ನೋಂದಣಿಯನ್ನು 1926ರ ಮದ್ರಾಸ್ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆಯು ಅಂದು ಆ ಪ್ರಾಂತ್ಯಕ್ಕೆ ಸೇರಿದ್ದ ಮಂಗಳೂರು, ಬಳ್ಳಾರಿಗಳಿಗೂ ತಂದಿತು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗಿದ್ದವೆಂದು 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುತ್ತದೆ. ಮನೆಹೆರಿಗೆಯತ್ತ ಮತ್ತೆ ಒಲಿಯುವವರು ಬ್ರಿಟನ್ನಿನ ಉದಾಹರಣೆ ಕೊಡುವಾಗ, ಅಲ್ಲಿನ ಮನೆಯ ಹಿಂದೆ ತರಬೇತಾದ ಸೂಲಗಿತ್ತಿ, ಔಷಧ, ಆಂಬುಲೆನ್ಸ್ ಮತ್ತು ಸುದ್ದಿ ಮುಟ್ಟಿಸಿಟ್ಟ ಆಸ್ಪತ್ರೆ ನಿಂತಿರುತ್ತವೆಂಬುದನ್ನು ಮರೆಯಬಾರದು. ಅವಿಲ್ಲದ ಕಡೆ, ಹಿಂದೆ ತೊಡಕು ಕಂಡವಳಿಗೆ ಮನೆ ತಕ್ಕ ಜಾಗವಲ್ಲ. ಎಲ್ಲಿಯೇ ಹೆರಲಿ, ಹಿಂದಿನ ಹೆರಿಗೆಯಲ್ಲಿ ರಕ್ತ ಎಷ್ಟು ಹೋಯಿತು, ಮಾಸು ಹೇಗೆ ಬಂತು, ಸಿಜೇರಿಯನ್ ಯಾವ ವರ್ಷ ಏಕೆ ಆಯಿತು, ಮಗುವಿನ ತೂಕವೆಷ್ಟಿತ್ತು ಎಂಬುದನ್ನು ಪ್ರತಿ ಗರ್ಭಿಣಿಯೂ ಮೊದಲ ತಪಾಸಣೆಯಲ್ಲಿಯೇ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಲಿ, ಎದುರು ಕುಳಿತವರು ಅದನ್ನು ಅವಸರವಿಲ್ಲದೆ ಕೇಳಿಸಿಕೊಳ್ಳಲಿ.