ಧೂಪ ಹಾಕದವರ ಗುಡಿಯಲ್ಲಿ ಧೂಪ

ಅವತ್ತು ಲೈವ್ ಕಾರ್ಯಕ್ರಮದ ನಡುವೆ ಅಫಜಲಪುರ ತಾಲೂಕಿನ ಗೊಬ್ಬೂರದಿಂದ ಒಂದು ಫೋನ್ ಬಂತು. ‘ಸರ, ಕ್ರಿಸ್ಮಸ್ ಅನ್ನೋದು ರೋಮನ್ನರ ಸೂರ್ಯನ ಹಬ್ಬ ಕದ್ದು ಮಾಡಿದ್ದಂತ ವಾಟ್ಸಾಪಿನ್ಯಾಗ ಬಂದದ. ಖರೇ ಏನ್ರಿ?’ ಬ್ರೇಕ್‌ಗೆ ಅರ್ಧ ನಿಮಿಷ ಇತ್ತು. ಏನೋ ಹೇಳಿ ಮುಗಿಸಿದೆ. ಆ ಯಜಮಾನರಿಗೆ ಸರಿಯಾದ ಉತ್ತರ ಬಾಕಿ ಇದೆ, ಇವತ್ತು ಕೊಡ್ತೀನಿ.

ರೋಮನ್ನರ ಹಳೇ ಧರ್ಮ ಹೇಗಿತ್ತು ಅಂತ ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗೇ ಇಲ್ಲ. ಮನೆಗೆ ಮನೆದೇವರು, ಅವಕ್ಕೆ ಲಾರೆಸ್ ಅಂತಿದ್ರು. ಒಲೆಗೆ ವೆಸ್ಟಾ ದೇವತೆ. ಹರಕೆ ಹೊರೋದು, ಕೆಲಸ ಆದ ಮೇಲೆ ತೀರಿಸೋದು, ತೀರಿಸಿದ್ದನ್ನ ಕಲ್ಲಿನ ಮೇಲೆ ಕೆತ್ತಿಸೋದು. ಈಜಿಪ್ಟಿನಿಂದ ಐಸಿಸ್ ಬಂದ್ರೆ, ಕೊನೆಗೆ ಅವಳಿಗೂ ಒಂದು ಗುಡಿ. ಘತ್ತರಗಿ ಭಾಗಮ್ಮನಿಗೆ ನಡ್ಕೊಂಡು, ಗಾಣಗಾಪುರದ ದತ್ತನಿಗೆ ಕೈಮುಗಿದು, ಆಳಂದದ ಲಾಡ್ಲೆ ಮಶಾಕ್ ದರ್ಗಾಕ್ಕೂ ಸಕ್ಕರೆ ಓದಿಸಿ ಬರೋ ನಮ್ಮವರಿಗೆ ಇದರಲ್ಲಿ ಹೊಸದೇನಿದೆ?

ಕ್ರೈಸ್ತರು ಒಪ್ಪದೇ ಇದ್ದದ್ದು ಇದನ್ನೇ. ನಮ್ಮ ದೇವರು ಒಬ್ಬನೇ, ಬೇರೆಯವರಿಗೆ ಧೂಪ ಹಾಕಲ್ಲ ಅಂದ್ರು. ಕ್ರಿ.ಶ. 112ರ ಸುಮಾರಿಗೆ, ಈಗಿನ ಟರ್ಕಿ ಭಾಗವನ್ನ ಆಳುತ್ತಿದ್ದ ಪ್ಲಿನಿ ಅನ್ನೋ ಅಧಿಕಾರಿ ಚಕ್ರವರ್ತಿ ಟ್ರಾಜನ್‌ಗೆ ಪತ್ರ ಬರೀತಾನೆ. ಕ್ರೈಸ್ತರು ಅಂತ ದೂರು ಬಂದವರ ಮುಂದೆ ನಿಮ್ಮ ಮೂರ್ತಿ ಇಡಿಸ್ತೀನಿ. ಕ್ರೈಸ್ತರಲ್ಲ ಅಂದು ಧೂಪ ಹಾಕಿ ದ್ರಾಕ್ಷಾರಸ ಎರೆದ್ರೆ ಬಿಡ್ತೀನಿ. ಮೂರು ಸಲ ಕೇಳಿದ್ರೂ ಹಟ ಬಿಡದವರಿಗೆ ಮರಣದಂಡನೆ. ಒಂದು ಚಿಟಿಕೆ ಧೂಪ, ನೋಡಿ, ಅಷ್ಟಕ್ಕೆ ಜೀವ! ಕೆಲವೇ ಶತಮಾನ ಕಳೀತು. ಅದೇ ಧೂಪ ಚರ್ಚಿನೊಳಗೆ ಬಂತು. ಇವತ್ತಿಗೂ ಹಬ್ಬದ ಪೂಜೆಯಲ್ಲಿ ಪಾದ್ರಿಗಳು ಧೂಪದ ಪಾತ್ರೆ ಬೀಸ್ತಾರೆ.

ಇನ್ನು ಡಿಸೆಂಬರ್ 25. ಔರೇಲಿಯನ್ ಚಕ್ರವರ್ತಿ 274ರಲ್ಲಿ ರೋಮಿನಲ್ಲಿ ಅಜೇಯ ಸೂರ್ಯನಿಗೆ ದೊಡ್ಡ ಗುಡಿ ಕಟ್ಟಿಸಿದ, ಇದು ನಿಜ. 354ರ ಒಂದು ರೋಮನ್ ಪಂಚಾಂಗ ನಮಗೆ ಸಿಕ್ಕಿದೆ. ಅದರಲ್ಲಿ ಡಿಸೆಂಬರ್ 25ಕ್ಕೆ ಒಂದು ಕಡೆ ‘ಅಜೇಯ’ನ ಹುಟ್ಟುಹಬ್ಬ, ಇನ್ನೊಂದು ಕಡೆ ಬೆತ್ಲೆಹೇಮಿನಲ್ಲಿ ಕ್ರಿಸ್ತ ಹುಟ್ಟಿದ ದಿನ, ಎರಡೂ ಇವೆ. ಆದರೆ ಇನ್ನೊಂದು ಲೆಕ್ಕವೂ ಇದೆ. ಮಾರ್ಚ್ 25ಕ್ಕೆ ಮೇರಿ ಗರ್ಭ ಧರಿಸಿದಳು, ಅಲ್ಲಿಂದ 9 ತಿಂಗಳು ಎಣಿಸಿದ್ರು ಅಂತ. ಹಾಗಾಗಿ ಕದ್ರು ಅಂತ ತೀರ್ಪು ಕೊಡೋಕೆ ಸಾಕ್ಷಿ ಸಾಲದು. ವಾಟ್ಸಾಪ್‌ಗೆ ಇಷ್ಟು ತಾಳ್ಮೆ ಎಲ್ಲಿಂದ ಬರಬೇಕು?

ಭಾನುವಾರದ ರಜೆ ಮಾತ್ರ ಸ್ಪಷ್ಟ. 321ರಲ್ಲಿ ಕಾನ್‌ಸ್ಟಂಟೈನ್ ಹೊರಡಿಸಿದ ಕಾನೂನಿನಲ್ಲಿರೋದು ಕ್ರಿಸ್ತನ ಹೆಸರಲ್ಲ, ‘ಸೂರ್ಯನ ದಿನ’.

ನನಗೆ ಇದಕ್ಕಿಂತ ಕುತೂಹಲದ ವಿಷಯ ಕಟ್ಟಡ. ರೋಮನ್ ಗುಡಿಯ ಒಳಗೆ ಮೂರ್ತಿ, ಬಲಿ ಹೊರಗೆ, ಜನರೂ ಹೊರಗೆ. ಕ್ರೈಸ್ತರಿಗೆ ಒಳಗೆ ಕೂಡೋ ಜಾಗ ಬೇಕಿತ್ತು. ಹೀಗಾಗಿ ಗುಡಿಯ ನಕಾಶೆ ಬಿಟ್ಟು, ನ್ಯಾಯಪಂಚಾಯಿತಿ, ವ್ಯಾಪಾರ ನಡೀತಿದ್ದ ಸರ್ಕಾರಿ ಸಭಾಂಗಣದ ನಕಾಶೆ ತಗೊಂಡ್ರು. ಅದರ ಹೆಸರು ಬೆಸಿಲಿಕಾ. ಬೆಂಗಳೂರಿನ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾ ಅಂತೀವಲ್ಲ, ಆ ಪದದ ಮೂಲ ಇಲ್ಲಿದೆ. ಅಲ್ಲಿ ಸೆಪ್ಟೆಂಬರ್ 8ಕ್ಕೆ ತೇರು ಎಳೀತಾರೆ, ಹರಕೆ ಹೊತ್ತವರು ಕಾವಿ ಬಟ್ಟೆ ಉಡ್ತಾರೆ. ತೇರನ್ನ ಯಾರಿಂದ ಕದ್ರು ಅಂತ ಕೇಳ್ತೀರಾ?

ಆಮೇಲೆ ಕಾಲ ತಿರುಗಿತು. ಕೊಂದವರ ಕೈಲಿದ್ದ ಅಧಿಕಾರ ಸತ್ತವರ ಕಡೆಯವರಿಗೆ ಬಂತು. 384ರಲ್ಲಿ ಸಿಮ್ಮಾಕಸ್ ಅನ್ನೋ ಹಳೇ ಧರ್ಮದ ಹಿರಿಯ, ಸೆನೆಟ್ ಸಭೆಯಿಂದ ತೆಗೆದ ವಿಜಯದೇವತೆಯ ಪೀಠವನ್ನ ಮತ್ತೆ ಇಡಿ ಅಂತ ಅರ್ಜಿ ಕೊಟ್ಟ. ಮಿಲಾನ್‌ನ ಬಿಷಪ್ ಆಂಬ್ರೋಸ್ ಬಿಡಲಿಲ್ಲ, ಅರ್ಜಿ ಬಿದ್ದುಹೋಯ್ತು. 391ರಲ್ಲಿ ಬಲಿ, ಗುಡಿಪೂಜೆ ಎಲ್ಲಾ ನಿಷೇಧ. ಎಷ್ಟೋ ಗುಡಿ ಹಾಳಾದವು. ರೋಮಿನ ಪ್ಯಾಂಥಿಯನ್ ಮಾತ್ರ ಅಷ್ಟು ಚೆನ್ನಾಗಿ ಉಳಿದಿದೆ, ಯಾಕೆ? 609ರ ಸುಮಾರಿಗೆ ಅದನ್ನ ಮೇರಿಯ ಚರ್ಚ್ ಮಾಡಿದ್ರು, ಅದಕ್ಕೆ!

ಗೊಬ್ಬೂರದ ಯಜಮಾನ್ರೇ, ಈಗ ನಮ್ಮ ಕಡೆಗೇ ಬರೋಣ. ಮೇಲೆ ಹೇಳಿದ ಆಳಂದದ ದರ್ಗಾದ ಆವರಣದಲ್ಲೇ ರಾಘವ ಚೈತನ್ಯ ಶಿವಲಿಂಗ ಇದೆ. 2022ರ ಗಲಾಟೆ ಆದ ಮೇಲೆ ಶಿವರಾತ್ರಿ ಬಂತು ಅಂದ್ರೆ ಕೋರ್ಟ್, ಪೊಲೀಸ್ ಬಂದೋಬಸ್ತ್. ಯಾರು ಮೊದಲು ಅನ್ನೋ ಜಗಳ ಎಲ್ಲಿಗೆ ಹೋಗುತ್ತೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಭೀಮಾ ನದಿ ಗುಂಟ ಕೆಳಗೆ ಹೋದ್ರೆ ಚಿತ್ತಾಪುರ ತಾಲೂಕಿನ ಸನ್ನತಿ. ಚಂದ್ರಲಾಂಬ ದೇವಸ್ಥಾನದ ಊರು. 1980ರ ದಶಕದಲ್ಲಿ ಅಲ್ಲಿನ ಕಾಳಿ ಗುಡಿಯ ಚಾವಣಿ ಕುಸೀತು. ಮೂರ್ತಿಯ ಪೀಠವಾಗಿದ್ದ ಕಲ್ಲನ್ನ ನೋಡಿದ್ರೆ, ಅದು ಅಶೋಕನ ಶಾಸನ! ಕ್ರಿಸ್ತನಿಗಿಂತ ಸುಮಾರು 250 ವರ್ಷ ಹಳೇದು. ಪಕ್ಕದ ಕನಗನಹಳ್ಳಿಯಲ್ಲಿ ಬೌದ್ಧ ಸ್ತೂಪ, ಅಲ್ಲಿ ‘ರಾಯ ಅಸೋಕೊ’ ಅಂತ ಹೆಸರು ಕೊರೆದ ರಾಜನ ಶಿಲ್ಪವೂ ಇದೆ. ಸನ್ನತಿಯ ಕಲ್ಲಿನ ಮೇಲಿರೋ ಶಾಸನಗಳಲ್ಲಿ ಒಂದು, ಅಶೋಕನ 12ನೇ ಬಂಡೆ ಶಾಸನ. ನಿಮ್ಮ ಪಂಥವನ್ನ ಹೊಗಳಿಕೊಂಡು ಬೇರೆಯವರದನ್ನ ಹಳೀಬೇಡಿ, ಅವರು ಹೇಳೋದನ್ನೂ ಕೇಳಿ ಅನ್ನೋದು ಅದರ ತಾತ್ಪರ್ಯ.

ಮೂರ್ತಿ ನಿಲ್ಲಿಸೋಕೆ ಆ ಕಲ್ಲಿನ ನಡುವೆ ತೂತು ಕೊರೆದಿದ್ದಾರೆ. ಅಷ್ಟು ಅಕ್ಷರ ಹೋಯ್ತು. ಕೊರೆದವರಿಗೆ ಆ ಲಿಪಿ ಓದೋಕೆ ಬರ್ತಿರಲಿಲ್ಲ ಅಂತ ನನ್ನ ಅಂದಾಜು. ಉಳಿದ ಅಕ್ಷರ ಕಾಳಿಯ ಕಾಲ ಕೆಳಗೆ ಭದ್ರವಾಗಿದ್ವು. ಒಂದ್ಸಲ ಹೋಗಿ ನೋಡಿ ಬನ್ನಿ, ಆಮೇಲೆ ಮತ್ತೆ ಫೋನ್ ಮಾಡಿ. ಈ ಸಲ ಬ್ರೇಕ್ ತಗೊಳ್ಳಲ್ಲ.