1982ರ ಎರಡು ಕಾಗದಗಳು

ಇತಿಹಾಸ ಓದುವವರಿಗೆ ಒಂದು ಅಭ್ಯಾಸ ಅಂಟಿಕೊಂಡಿರುತ್ತದೆ. ಹಳೆಯ ಕಾಗದ ಕೈಗೆ ಬಂದರೆ ಅದರಲ್ಲಿ ಏನಿದೆ ಎಂದಷ್ಟೇ ನೋಡುವುದಿಲ್ಲ; ಯಾರು ಯಾರಿಗೆ ಬರೆದರು, ಇಷ್ಟು ದಿನ ಅದು ಎಲ್ಲಿತ್ತು, ಯಾರ ಕಪಾಟಿನಲ್ಲಿತ್ತು ಎಂದೂ ಕೇಳುತ್ತೇವೆ. ಚರ್ಚುಗಳಲ್ಲಿ ಮಕ್ಕಳ ಸುರಕ್ಷತೆಯ ಚರಿತ್ರೆಯನ್ನು ಓದುವಾಗ ನನ್ನನ್ನು ಹೆಚ್ಚು ಕಾಡಿದ್ದು ಈ ಕೊನೆಯ ಪ್ರಶ್ನೆಯೇ. ಒಂದೇ ವರ್ಷದಲ್ಲಿ, ಎರಡು ದೇಶಗಳಲ್ಲಿ, ಎರಡು ಬೇರೆ ಪಂಗಡದವರ ನಡುವೆ ಬರೆಯಲಾದ ಎರಡು ಕಾಗದಗಳಿಂದ ಈ ಕಥೆಯನ್ನು ಹೇಳಬಹುದು.

ಮೊದಲನೆಯದು ಅಮೆರಿಕದ ಬಾಸ್ಟನ್ನಿನದು. 1982ರ ಆಗಸ್ಟ್‌ನಲ್ಲಿ ಒಂದು ಮನೆತನದ ಹೆಣ್ಣುಮಗಳೊಬ್ಬರು ಅಲ್ಲಿನ ಕಾರ್ಡಿನಲ್‌ಗೆ ಪತ್ರ ಬರೆದರು. ಜಾನ್ ಗೇಗನ್ ಎಂಬ ಪಾದ್ರಿ ತಮ್ಮ ಬಂಧುಬಳಗದ ಏಳು ಹುಡುಗರಿಗೆ ಲೈಂಗಿಕ ಕಿರುಕುಳ ಕೊಟ್ಟ ವಿಷಯ ಚರ್ಚಿನ ಹಿರಿಯರಿಗೆ ಎರಡು ವರ್ಷದ ಹಿಂದೆಯೇ ತಿಳಿದಿದ್ದರೂ, ಆತ ಇನ್ನೂ ಪಾದ್ರಿಯಾಗಿಯೇ ಇದ್ದಾನೆಂಬುದು ಅವರ ಸಂಕಟವಾಗಿತ್ತು. ಪತ್ರ ತಲುಪಿತು. ಆದರೆ 1984ರಲ್ಲಿ ಹೊಸ ಆರ್ಚ್‌ಬಿಷಪ್ ಬರ್ನಾರ್ಡ್ ಲಾ ಅವರ ಕಾಲದಲ್ಲಿ ಗೇಗನ್‌ಗೆ ಮತ್ತೊಂದು ಚರ್ಚು ಸಿಕ್ಕಿತು. ಅಲ್ಲಿ ಆತನಿಗೆ ವಹಿಸಿದ ಕೆಲಸಗಳಲ್ಲಿ ಪೂಜೆಯ ವೇಳೆ ಪೀಠದ ಬಳಿ ಸೇವೆ ಮಾಡುವ ಹುಡುಗರ ಉಸ್ತುವಾರಿಯೂ ಸೇರಿತ್ತು.

ಎರಡನೆಯದು ಇಂಗ್ಲೆಂಡಿನದು. ಜಾನ್ ಸ್ಮಿತ್ ಎಂಬ ವಕೀಲ ಖಾಸಗಿ ಶಾಲೆಗಳ ಹುಡುಗರಿಗಾಗಿ ನಡೆಯುತ್ತಿದ್ದ ಕ್ರೈಸ್ತ ರಜಾ ಶಿಬಿರಗಳ ಮುಂದಾಳು. ಪಾಪಕ್ಕೆ ಪ್ರಾಯಶ್ಚಿತ್ತವೆಂಬ ನೆಪದಲ್ಲಿ ಆತ ಹುಡುಗರನ್ನು ತನ್ನ ಮನೆಯ ಹಿತ್ತಲಿನ ಶೆಡ್ಡಿಗೆ ಕರೆದೊಯ್ದು ರಕ್ತ ಬರುವಂತೆ ಬೆತ್ತದಿಂದ ಹೊಡೆಯುತ್ತಿದ್ದ. 1982ರಲ್ಲಿ ಆಂಗ್ಲಿಕನ್ ಸಭಾಪಾಲಕರೊಬ್ಬರು ಇದನ್ನೆಲ್ಲ ವಿಚಾರಿಸಿ ವರದಿ ಬರೆದರು. ನಡೆದದ್ದು ಅಪರಾಧವೆಂದೂ ಅದರಲ್ಲಿತ್ತು. ವರದಿಯನ್ನು ಕೆಲವೇ ಮಂದಿ ಓದಿದರು. ಪೊಲೀಸರ ಕೈಗೆ ಕೊಡಲಿಲ್ಲ. 1984ರಲ್ಲಿ ಸ್ಮಿತ್ ಜಿಂಬಾಬ್ವೆಗೆ ಹೋದ. ಅಲ್ಲಿಯೂ ಶಿಬಿರ ನಡೆಸಿದ, ಅಲ್ಲಿಯೂ ಹೊಡೆದ. 1992ರಲ್ಲಿ ಆತನ ಶಿಬಿರದ ಈಜುಕೊಳದಲ್ಲಿ ಹದಿನಾರರ ಹುಡುಗನೊಬ್ಬನ ಶವ ಸಿಕ್ಕಿತು.

ಎರಡು ಕಡೆಯೂ ವಿಷಯ ಗೊತ್ತಿತ್ತು, ಬರವಣಿಗೆಯಲ್ಲೇ ಇತ್ತು. ಹಾಗಾದರೆ ಆ ಕಾಗದಗಳು ಯಾಕೆ ಮಕ್ಕಳ ನೆರವಿಗೆ ಬರಲಿಲ್ಲ?

ಕ್ಯಾಥೊಲಿಕ್ ಸಭೆಯ ಮಟ್ಟಿಗೆ ಉತ್ತರದ ಒಂದು ಭಾಗ ಅದರ ಕಾನೂನಿನಲ್ಲೇ ಇದೆ. 1983ರ ಧರ್ಮಸಂಹಿತೆಯ 489 ಮತ್ತು 490ನೇ ನಿಯಮಗಳ ಪ್ರಕಾರ ಪ್ರತಿ ಧರ್ಮಪ್ರಾಂತ್ಯದಲ್ಲೂ ಒಂದು ಗುಪ್ತ ದಾಖಲೆ ಸಂಗ್ರಹ ಇರಬೇಕು. ಅದರ ಕೀಲಿಕೈ ಬಿಷಪ್ಪರ ಬಳಿ ಮಾತ್ರ ಇರಬೇಕು. ನೈತಿಕ ಅಪರಾಧದ ಮೊಕದ್ದಮೆಗಳಲ್ಲಿ ತಪ್ಪಿತಸ್ಥ ಸತ್ತಿದ್ದರೆ, ಇಲ್ಲವೇ ತೀರ್ಪು ಬಂದು ಹತ್ತು ವರ್ಷವಾಗಿದ್ದರೆ, ಸಂಕ್ಷಿಪ್ತ ಟಿಪ್ಪಣಿ ಮತ್ತು ತೀರ್ಪಿನ ಪಾಠ ಇಟ್ಟುಕೊಂಡು ಉಳಿದ ಕಾಗದಗಳನ್ನು ನಾಶಪಡಿಸಬೇಕು. ದಾಖಲೆಯೇ ಬದುಕಾಗಿರುವ ನಮ್ಮಂಥವರಿಗೆ ಇದನ್ನು ಓದಿದರೆ ಎದೆ ಝಲ್ಲೆನ್ನುತ್ತದೆ. ಮಗುವಿನ ನೋವು ಕಾಗದಕ್ಕಿಳಿದರೂ ಅದನ್ನು ತೆರೆದು ನೋಡುವ ಅಧಿಕಾರ ಸಂಸ್ಥೆಯದೇ ಆಗಿತ್ತು.

ಐರ್ಲೆಂಡಿನ ಡಬ್ಲಿನ್ ಮಹಾಧರ್ಮಪ್ರಾಂತ್ಯದ ಬಗ್ಗೆ 2009ರಲ್ಲಿ ಹೊರಬಂದ ಮರ್ಫಿ ವರದಿ ಇನ್ನೊಂದು ಬಗೆಯ ಕಾಗದವನ್ನು ಮುಂದಿಟ್ಟಿತು. 1987ರಲ್ಲೇ ಆ ಮಹಾಧರ್ಮಪ್ರಾಂತ್ಯ ಇಂಥ ಪ್ರಕರಣಗಳ ಖರ್ಚಿಗೆಂದು ವಿಮೆ ಮಾಡಿಸಿತ್ತು. ನಮಗೇನೂ ತಿಳಿದಿರಲಿಲ್ಲ ಎಂಬ ಮಾತಿಗೆ ಆ ಪಾಲಿಸಿಯೇ ಉತ್ತರವಾಗಿತ್ತು. ಮಕ್ಕಳಿಗೆ ರಕ್ಷಣೆ ಸಿಗುವ ಮುಂಚೆ ಆಸ್ತಿಗೆ ಸಿಕ್ಕಿತ್ತು.

ಬೀಗ ತೆಗೆಸಿದವರು ಹೊರಗಿನವರು. ಬಾಸ್ಟನ್ನಿನಲ್ಲಿ ಸಂತ್ರಸ್ತರು ಮೊಕದ್ದಮೆ ಹೂಡಿದ್ದರು, ‘ಬಾಸ್ಟನ್ ಗ್ಲೋಬ್’ ಪತ್ರಿಕೆ ಕಡತಗಳಿಗಾಗಿ ನ್ಯಾಯಾಲಯಕ್ಕೆ ಹೋಯಿತು, ನ್ಯಾಯಾಧೀಶರು ಅವನ್ನು ಬಹಿರಂಗಪಡಿಸಲು ಆದೇಶಿಸಿದರು. 2002ರ ಜನವರಿ 6ರಂದು ಪತ್ರಿಕೆಯ ಮೊದಲ ವರದಿ ಬಂತು. 130ಕ್ಕೂ ಹೆಚ್ಚು ಮಂದಿ ಗೇಗನ್ ಮೇಲೆ ದೂರಿದ್ದರೆಂಬುದು ಜಗತ್ತಿಗೆ ತಿಳಿಯಿತು. ಅದೇ ಡಿಸೆಂಬರ್‌ನಲ್ಲಿ ಕಾರ್ಡಿನಲ್ ಲಾ ರಾಜೀನಾಮೆ ಕೊಟ್ಟರು. ಸ್ಮಿತ್‌ನ ಪ್ರಕರಣ ಇನ್ನೂ ತಡವಾಯಿತು. 2017ರಲ್ಲಿ ಟೆಲಿವಿಷನ್ ವಾಹಿನಿಯೊಂದು ಅದನ್ನು ಬಯಲಿಗೆಳೆಯಿತು; ಮರುವರ್ಷ ಆತ ಶಿಕ್ಷೆಯಿಲ್ಲದೆಯೇ ಸತ್ತ. 2024ರ ನವೆಂಬರ್‌ನಲ್ಲಿ ಮೇಕಿನ್ ಪರಿಶೀಲನಾ ವರದಿ ಬಂದ ಮೇಲೆ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಜಸ್ಟಿನ್ ವೆಲ್ಬಿ ಹುದ್ದೆ ಬಿಡಬೇಕಾಯಿತು. 1982ರ ವರದಿ ತನ್ನ ಫಲ ಕಾಣಲು 42 ವರ್ಷ ಬೇಕಾದವು.

ಇಂದು ಚರ್ಚುಗಳಲ್ಲಿ ಕಾಣುವ ಸುರಕ್ಷತಾ ನಿಯಮಗಳನ್ನು ಈ ಹಿನ್ನೆಲೆಯಲ್ಲಿ ಓದಬೇಕು. 2002ರ ಜೂನ್‌ನಲ್ಲಿ ಅಮೆರಿಕದ ಬಿಷಪ್ಪರು ಡಲ್ಲಾಸ್‌ನಲ್ಲಿ ಒಪ್ಪಿದ ಸನ್ನದು, ದೂರುಗಳನ್ನು ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕು, ಮಕ್ಕಳೊಡನೆ ಒಡನಾಡುವ ಪಾದ್ರಿ, ನೌಕರ, ಸ್ವಯಂಸೇವಕ ಎಲ್ಲರ ಪೂರ್ವಾಪರ ವಿಚಾರಿಸಬೇಕು ಎಂದಿತು. ಅದೇ ವರ್ಷ ಮ್ಯಾಸಚೂಸೆಟ್ಸ್ ರಾಜ್ಯ ಕಡ್ಡಾಯವಾಗಿ ವರದಿ ಮಾಡಬೇಕಾದವರ ಪಟ್ಟಿಗೆ ಪಾದ್ರಿಗಳನ್ನೂ ಸೇರಿಸಿತು. 2019ರಲ್ಲಿ ಪೋಪ್ ಫ್ರಾನ್ಸಿಸ್ ಇಂಥ ಪ್ರಕರಣಗಳಿಗಿದ್ದ ‘ಪೋಪ್ ಗೋಪ್ಯತೆ’ಯನ್ನು ತೆಗೆದುಹಾಕಿದರು, ಪ್ರತಿ ಧರ್ಮಪ್ರಾಂತ್ಯದಲ್ಲೂ ದೂರು ಕೊಡಲು ಸುಲಭವಾದ ವ್ಯವಸ್ಥೆ ಇರಬೇಕೆಂದೂ ವಿಧಿಸಿದರು. ಒಬ್ಬ ವಯಸ್ಕ ಒಂಟಿಯಾಗಿ ಮಗುವಿನೊಡನೆ ಮುಚ್ಚಿದ ಕೋಣೆಯಲ್ಲಿ ಇರಬಾರದು ಎಂಬಂಥ ಸಣ್ಣ ನಿಯಮದ ಹಿಂದೆಯೂ ಸಾವಿರಾರು ಮಕ್ಕಳ ಬಾಲ್ಯವಿದೆ.

ನಮ್ಮಲ್ಲಿ ಈ ಮಾತನ್ನು ಇನ್ನೂ ನೇರವಾಗಿ ಹೇಳಿದ್ದು ದೇಶದ ಕಾನೂನು. 2012ರ ಪೋಕ್ಸೊ ಕಾಯ್ದೆಯ 19ನೇ ಕಲಂ ಪ್ರಕಾರ ಮಗುವಿನ ಮೇಲೆ ಲೈಂಗಿಕ ಅಪರಾಧ ನಡೆದದ್ದು ತಿಳಿದವರು ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ಸಂಸ್ಥೆಯ ಮುಖ್ಯಸ್ಥ ತನ್ನ ಕೈಕೆಳಗಿನವನ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ ಜೈಲು. ಧಾರ್ಮಿಕ ಸಂಸ್ಥೆಯ ಆಡಳಿತದವರೋ ಸಿಬ್ಬಂದಿಯೋ ಅಲ್ಲಿನ ಮಗುವಿನ ಮೇಲೆ ಎಸಗುವ ಅತ್ಯಾಚಾರವನ್ನು ಕಾಯ್ದೆ ಹೆಚ್ಚು ಗಂಭೀರವೆಂದು ಎಣಿಸುತ್ತದೆ. ಚರ್ಚು, ದೇವಸ್ಥಾನ, ಮಠ, ಮದರಸಾ ಎಂಬ ಭೇದ ಅದಕ್ಕಿಲ್ಲ.

ಆದರೂ ಕಾನೂನು ಕೆಲಸ ಮಾಡಬೇಕಾದರೆ ಮೊದಲು ಯಾರಾದರೂ ಮಾತಾಡಬೇಕು. ಆಸ್ಟ್ರೇಲಿಯಾದ ರಾಯಲ್ ಕಮಿಷನ್ 2013ರಿಂದ 2017ರವರೆಗೆ 8,000ಕ್ಕೂ ಹೆಚ್ಚು ಸಂತ್ರಸ್ತರ ಮಾತು ಕೇಳಿತು. ನಡೆದದ್ದನ್ನು ಮೊದಲ ಬಾರಿ ಹೇಳಿಕೊಳ್ಳಲು ಅವರಿಗೆ ಸರಾಸರಿ 23.9 ವರ್ಷ ಹಿಡಿದಿತ್ತು. ಅಷ್ಟು ದಿನ ಮಗು ಸುಮ್ಮನಿರುವುದಕ್ಕೆ ಭಯ, ನಾಚಿಕೆಗಳ ಜೊತೆಗೆ, ‘ಫಾದರ್ ಬಗ್ಗೆ ಹಾಗೆಲ್ಲ ಹೇಳಬಾರದು’ ಎನ್ನುವ ನಮ್ಮ ಮನೆಗಳ ಮಾತೂ ಕಾರಣ.

ಭಾನುವಾರದ ಶಾಲೆ, ಗಾಯನವೃಂದ, ಬೇಸಿಗೆಯ ಬೈಬಲ್ ಶಿಬಿರ ನಮ್ಮೂರುಗಳ ಎಷ್ಟೋ ಮಕ್ಕಳಿಗೆ ಸಂತೋಷದ ಜಾಗಗಳು. ಹಾಡಲು, ನಾಲ್ಕು ಜನರ ಮುಂದೆ ನಿಂತು ಮಾತಾಡಲು ಎಷ್ಟೋ ಮಂದಿ ಕಲಿತದ್ದು ಅಲ್ಲೇ. ಅವು ಹಾಗೆಯೇ ಉಳಿಯಬೇಕೆನ್ನುವ ತಂದೆತಾಯಿ ಮಕ್ಕಳನ್ನು ಕಳಿಸುವ ಮುಂಚೆ ಕೆಲವು ಪ್ರಶ್ನೆ ಕೇಳಬಹುದು: ಇಲ್ಲಿ ದೂರು ಯಾರಿಗೆ ಕೊಡಬೇಕು? ಅವರು ಆರೋಪಿಯ ಮೇಲಧಿಕಾರಿಯೇ, ಹೊರಗಿನವರೇ? ಪೊಲೀಸರಿಗೆ ಯಾವಾಗ ತಿಳಿಸುತ್ತೀರಿ? 1098 ಎಂಬ ಮಕ್ಕಳ ಸಹಾಯವಾಣಿಯ ಸಂಖ್ಯೆ ಮಕ್ಕಳ ಕಣ್ಣಿಗೆ ಬೀಳುವಲ್ಲಿ ಇದೆಯೇ? ಬಾಸ್ಟನ್ನಿನ ಆ ಹೆಣ್ಣುಮಗಳು ಬರೆದಂಥ ಪತ್ರ ನಾಳೆ ನಮ್ಮೂರಿನಲ್ಲಿ ಯಾರಾದರೂ ಬರೆದರೆ, ಅದು ಪೊಲೀಸ್ ಠಾಣೆ ತಲುಪುವುದೋ ಕಪಾಟು ಸೇರುವುದೋ ಎಂಬುದು ಈ ಉತ್ತರಗಳಲ್ಲೇ ಇದೆ.