ಸರದಿ ನಿರ್ಧರಿಸುವ ಅಧಿಕಾರ

ಸಾಮಾಜಿಕ ಜಾಲತಾಣದಲ್ಲಿ ಯಾವ ಬರಹ ಮೊದಲು ಕಾಣಬೇಕು, ಯಾವುದು ಹಿಂದೆ ಸರಿಯಬೇಕು ಎಂಬುದನ್ನು ಓದುಗರೇ ತೀರ್ಮಾನಿಸುವಂತಿರಬೇಕೆಂಬ ಬೇಡಿಕೆ ಇಂದು ಹೊಸ ಸುಧಾರಣೆಯ ರೂಪದಲ್ಲಿ ಕೇಳಿಬರುತ್ತಿದೆಯಾದರೂ, ಈ ಅಧಿಕಾರ ಮೊದಲು ಓದುಗರ ಬಳಿಯೇ ಇದ್ದು, ಮುಂದೆ ಅವರ ಕೈತಪ್ಪಿಹೋದದ್ದು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು 1979ರಲ್ಲಿ ಯೋಜಿಸಿದ ಯೂಸ್‌ನೆಟ್ ಎಂಬ ಚರ್ಚಾಜಾಲಕ್ಕೆ ಕೇಂದ್ರ ಕಂಪ್ಯೂಟರೂ ಇರಲಿಲ್ಲ, ಒಡೆಯರೂ ಇರಲಿಲ್ಲ. ಬರಹಗಳು ಒಂದು ಸಂಸ್ಥೆಯ ಯಂತ್ರದಿಂದ ಇನ್ನೊಂದರ ಯಂತ್ರಕ್ಕೆ ನಕಲಾಗುತ್ತ ಸಾಗುತ್ತಿದ್ದವು, ಅವನ್ನು ಓದುವ ತಂತ್ರಾಂಶ ಯಾವುದೆಂಬುದು ಓದುಗರ ಆಯ್ಕೆಗೆ ಬಿಟ್ಟದ್ದಾಗಿತ್ತು. ಮುಂದೆ ಪರ್ಲ್ ಭಾಷೆಯನ್ನು ರೂಪಿಸಿ ಹೆಸರಾದ ಲ್ಯಾರಿ ವಾಲ್ 1984ರಲ್ಲಿ ಹೊರತಂದ ‘ಆರ್‌ಎನ್’ ತಂತ್ರಾಂಶದಲ್ಲಿ ‘ಕಿಲ್ ಫೈಲ್’ ಎಂಬ ಸೌಲಭ್ಯವಿತ್ತು: ಬೇಡವಾದ ವಿಷಯವನ್ನೋ ಲೇಖಕರ ಹೆಸರನ್ನೋ ಆ ಫೈಲಿನಲ್ಲಿ ಬರೆದಿಟ್ಟರೆ, ಅದಕ್ಕೆ ಹೊಂದುವ ಬರಹಗಳು ಕಣ್ಣಿಗೆ ಬೀಳದೆಯೇ ಸರಿದುಹೋಗುತ್ತಿದ್ದವು. ಅನಂತರದ ಕೆಲವು ತಂತ್ರಾಂಶಗಳು ಇದನ್ನೇ ಬೆಳೆಸಿ, ಮೆಚ್ಚಿನ ಲೇಖಕರಿಗೆ ಹೆಚ್ಚು ಅಂಕ, ಬೇಸರ ತರಿಸುವ ವಿಷಯಕ್ಕೆ ಋಣ ಅಂಕ ಕೊಟ್ಟು, ಒಟ್ಟು ಅಂಕದ ಪ್ರಕಾರ ಬರಹಗಳನ್ನು ಜೋಡಿಸಿಕೊಳ್ಳಲು ಅವಕಾಶ ನೀಡಿದವು.

ಈ ನಿಯಮಗಳು ಓದುಗರ ಸ್ವಂತ ಫೈಲಿನಲ್ಲಿ ಇದ್ದುದರಿಂದ ಅವನ್ನು ಹೊರಗಿನವರು ಬದಲಿಸುವಂತಿರಲಿಲ್ಲ. ಆದರೆ ಅವನ್ನು ಬರೆಯುವುದಕ್ಕೆ ಪರಿಣತಿಯೂ ತಾಳ್ಮೆಯೂ ಬೇಕಿದ್ದವು. ಆ ಶ್ರಮವನ್ನು ಓದುಗರೆಲ್ಲ ಹಂಚಿಕೊಳ್ಳುವ ದಾರಿಯನ್ನು ತೋರಿದ ಪ್ರಯೋಗಗಳಲ್ಲಿ, ಮಿನೆಸೋಟ ವಿಶ್ವವಿದ್ಯಾಲಯ ಮತ್ತು ಎಂಐಟಿಯ ಸಂಶೋಧಕರು 1994ರಲ್ಲಿ ಪ್ರಕಟಿಸಿದ ‘ಗ್ರೂಪ್‌ಲೆನ್ಸ್’ ಮುಖ್ಯವಾದುದು. ಯೂಸ್‌ನೆಟ್ ಬರಹಗಳಿಗೆ ಓದುಗರು 1ರಿಂದ 5ರವರೆಗೆ ಅಂಕ ಕೊಡುತ್ತಿದ್ದರು. ಹಿಂದೆ ಯಾರ ಅಭಿರುಚಿ ಯಾರದಕ್ಕೆ ಹೊಂದಿತ್ತೆಂಬುದನ್ನು ಲೆಕ್ಕಹಾಕಿ, ಹೊಸ ಬರಹವೊಂದು ಒಬ್ಬ ನಿರ್ದಿಷ್ಟ ಓದುಗನಿಗೆ ಎಷ್ಟು ಹಿಡಿಸೀತೆಂದು ಸರ್ವರ್ ಅಂದಾಜಿಸುತ್ತಿತ್ತು. ಇಂದಿನ ಶಿಫಾರಸು ಅಲ್ಗಾರಿದಮ್‌ಗಳ ಒಂದು ಮೂಲ ಇಲ್ಲಿಯೇ ಇದೆ. ಆದರೆ ಅಂಕ ಲೆಕ್ಕಹಾಕುವ ಸರ್ವರನ್ನು ಬೇರೆಯವರೂ ಸ್ವತಂತ್ರವಾಗಿ ಕಟ್ಟಿ, ಇದೇ ವ್ಯವಸ್ಥೆಗೆ ಜೋಡಿಸಬಹುದೆಂಬ ಮುಕ್ತ ವಿನ್ಯಾಸವೂ ಅದರಲ್ಲಿತ್ತು. ಮುಂದೆ ಬಂದ ಕಂಪನಿಗಳು ಲೆಕ್ಕಾಚಾರವನ್ನು ಮುಂದುವರಿಸಿದವು, ಮುಕ್ತತೆಯನ್ನು ಕೈಬಿಟ್ಟವು. ಈ ಇತಿಹಾಸದಲ್ಲಿ ಅತ್ಯಂತ ದೊಡ್ಡ ನಷ್ಟವೆಂದರೆ ಇದೇ.

ಫೇಸ್‌ಬುಕ್ 2006ರ ಸೆಪ್ಟೆಂಬರಿನಲ್ಲಿ ‘ನ್ಯೂಸ್ ಫೀಡ್’ ಆರಂಭಿಸಿತು. ಬರಹಗಳನ್ನು ಕಾಲಾನುಕ್ರಮದಲ್ಲಿ ತೋರಿಸುತ್ತಿದ್ದ ಟ್ವಿಟರ್ 2016ರಲ್ಲಿ ಅಲ್ಗಾರಿದಮ್ ಆಧಾರಿತ ಕ್ರಮವನ್ನು ತಂದಿತು. ಜಾಹೀರಾತೇ ಆದಾಯವಾದಲ್ಲಿ ಓದುಗರು ಹೆಚ್ಚು ಹೊತ್ತು ಉಳಿಯುವುದೇ ಲಾಭವಾದ್ದರಿಂದ, ಸರದಿಯ ಸೂತ್ರ ಸಹಜವಾಗಿಯೇ ಕಂಪನಿಯ ಸ್ವತ್ತಾಯಿತು. ಓದುಗರಿಗೆ ಉಳಿದದ್ದು ಕೆಲವು ಗುಂಡಿಗಳು ಮಾತ್ರ, ಅವುಗಳ ಪ್ರಭಾವವೂ ಅಲ್ಪ: ಯೂಟ್ಯೂಬ್ ಕುರಿತು ಮೊಜಿಲ್ಲಾ ಸಂಸ್ಥೆ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ‘ಆಸಕ್ತಿಯಿಲ್ಲ’ ಎಂಬ ಗುಂಡಿ ತಡೆದದ್ದು ಬೇಡವಾದ ಶಿಫಾರಸುಗಳಲ್ಲಿ ಶೇ. 11ರಷ್ಟನ್ನು ಮಾತ್ರ.

ಅಧಿಕಾರವನ್ನು ಮರಳಿ ಪಡೆಯುವ ಯತ್ನಗಳಲ್ಲಿ ಎರಡು ಬಗೆ ಕಾಣುತ್ತವೆ. ಕಾನೂನಿನ ದಾರಿ ಹಿಡಿದ ಐರೋಪ್ಯ ಒಕ್ಕೂಟವು 2022ರ ಡಿಜಿಟಲ್ ಸೇವೆಗಳ ಕಾಯ್ದೆಯ 38ನೆಯ ವಿಧಿಯಲ್ಲಿ, ಬಳಕೆದಾರರ ವೈಯಕ್ತಿಕ ವಿವರಗಳಿಂದ ಅವರ ಒಲವುಗಳನ್ನು ಊಹಿಸದೆ ಕ್ರಮ ನಿರ್ಧರಿಸುವ ಒಂದು ಆಯ್ಕೆಯನ್ನಾದರೂ ಅತಿದೊಡ್ಡ ತಾಣಗಳು ಕೊಡಬೇಕೆಂದು ವಿಧಿಸಿತು. ಇದು ಕಂಪನಿಯ ಸೂತ್ರವನ್ನು ನಿರಾಕರಿಸುವ ಹಕ್ಕೇ ಹೊರತು, ಸ್ವಂತ ಸೂತ್ರವನ್ನು ಇರಿಸಿಕೊಳ್ಳುವ ಹಕ್ಕಲ್ಲ. ಎರಡನೆಯದು ತಂತ್ರಜ್ಞಾನದ ದಾರಿ. 2017ರಲ್ಲಿ ಎಂಐಟಿ ಮೀಡಿಯಾ ಲ್ಯಾಬಿನಲ್ಲಿ ಈಥನ್ ಜ಼ುಕರ್‌ಮನ್ ಮತ್ತು ಸಂಗಡಿಗರು ರೂಪಿಸಿದ ‘ಗೋಬೊ’ ಎಂಬ ಸಾಧನದಲ್ಲಿ ರಾಜಕೀಯ ನಿಲುವು, ಒರಟುತನ, ಗಾಂಭೀರ್ಯ ಮೊದಲಾದವುಗಳ ಪ್ರಮಾಣವನ್ನು ಓದುಗರೇ ಏರಿಳಿಸಿಕೊಳ್ಳಬಹುದಾಗಿತ್ತಾದರೂ, ಅದು ದೊಡ್ಡ ತಾಣಗಳು ಬಿಟ್ಟುಕೊಟ್ಟ ಮಾಹಿತಿಯನ್ನೇ ನೆಚ್ಚಬೇಕಿತ್ತು. ಆ ಅವಲಂಬನೆಯನ್ನು ತಪ್ಪಿಸಲು ಬ್ಲೂಸ್ಕೈ ತಾಣವು 2023ರ ಮೇ ತಿಂಗಳಲ್ಲಿ ‘ಕಸ್ಟಮ್ ಫೀಡ್’ ವ್ಯವಸ್ಥೆಯನ್ನು ತಂದಿತು. ಇಲ್ಲಿ ಬರಹಗಳ ಪ್ರವಾಹ ಎಲ್ಲರಿಗೂ ತೆರೆದಿರುತ್ತದೆ. ಯಾರು ಬೇಕಾದರೂ ತಮ್ಮದೇ ಸರ್ವರಿನಲ್ಲಿ ಅದನ್ನು ಸೋಸಿ, ಯಾವುದರ ನಂತರ ಯಾವುದೆಂಬ ಪಟ್ಟಿಯನ್ನಷ್ಟೇ ಮರಳಿಸಿದರೆ, ಪೂರ್ತಿ ಬರಹಗಳನ್ನು ತಾಣವೇ ತುಂಬಿ ತೋರಿಸುತ್ತದೆ. ಓದುಗರು ಸೂತ್ರವನ್ನು ಬರೆಯಬೇಕಿಲ್ಲ, ಇನ್ನೊಬ್ಬರು ಬರೆದುದನ್ನು ಆರಿಸಿಕೊಂಡರಾಯಿತು. ಹೀಗೆ 1994ರ ಮುಕ್ತ ವಿನ್ಯಾಸದ ಆಶಯ ಸುಮಾರು ಮೂರು ದಶಕಗಳ ಬಳಿಕ ಬಳಕೆಗೆ ಬಂದಿತಾದರೂ, ಇಂಥ ಸರ್ವರುಗಳ ವೆಚ್ಚ ಮಾತ್ರ ಅವನ್ನು ನಡೆಸುವವರ ಮೇಲೆಯೇ ಬೀಳುತ್ತದೆ.